ಕಪ್ತಾನ ಆಡದ ಮಾತು

ಕಪ್ತಾನ ಮಿಕುರಿಯಾ ಬಾಯಿ ಬಿಡಲಿಲ್ಲ. ಮಸಾಫುಮಿ ಟೀವಿಯಲ್ಲಿ ಆ ದೃಶ್ಯವನ್ನು ಮತ್ತೊಮ್ಮೆ ಹಿಂದಕ್ಕೆ ಓಡಿಸಿ ನೋಡಿದ. ಅದೇ ದೊಡ್ಡ ಕಿಟಕಿ, ಕಿಟಕಿಯಾಚೆ ಅವೇ ನಕ್ಷತ್ರಗಳು, ನೋಡುವವರಿಗೆ ಬೆನ್ನು ಹಾಕಿ ನಿಂತ ಅದೇ ಕಪ್ಪು ಕೋಟು. ಸಂಗೀತ ಏರಿತು, ಇಳಿಯಿತು. ಕೋಟಿನ ಅಂಚು ಕೂಡ ಅಲುಗಲಿಲ್ಲ. ಬೆನ್ನು ತೋರಿಸಿದರೆ ತುಟಿಯ ಚಲನೆ ಬರೆಯುವ ಕೆಲಸ ತಪ್ಪುತ್ತದೆ, ಆ ಕಾಲದಲ್ಲಿ ವಾರವಾರಕ್ಕೂ ಚಿತ್ರ ಬರೆದು ಕೊಡುತ್ತಿದ್ದವರು ಹೀಗೆಯೇ ಮೈ ಉಳಿಸಿಕೊಳ್ಳುತ್ತಿದ್ದರು ಎಂದು ಎಲ್ಲೋ ಓದಿದ್ದ. ಇರಲಿ, ತುಟಿ ಕಾಣದಿದ್ದರೆ ಬೇಡ. ಮಾತು ಎಲ್ಲಿ ಹೋಯಿತು? ಇಲ್ಲಿ, ಪಿಟೀಲುಗಳು ಸೋತು ಎಂಜಿನ್ನಿನ ಗುನುಗು ಮಾತ್ರ ಉಳಿಯುವ ಈ ಜಾಗದಲ್ಲಿ, ಆ ಮಾತು ಇರಬೇಕಿತ್ತು. ಅದಾದ ಮೇಲೆ ಹಡಗಿನ ಕಬ್ಬಿಣದ ಬಾಗಿಲು ಮುಚ್ಚಿಕೊಳ್ಳುವ ಸದ್ದು. ಅದೂ ಇರಲಿಲ್ಲ. ಕಪ್ತಾನ ಸುಮ್ಮನೆ ನಿಂತಿದ್ದ. ಆಮೇಲೆ ಚಿಕ್ಕ ದೋಣಿಯಲ್ಲಿ ಕೂತ ಹುಡುಗರ ಅಳುಮುಖ, ದೂರ ಸರಿಯುವ ಹಡಗು, ಮುಗಿಯಿತು. ಭಾನುವಾರದ ಬೆಳಗ್ಗೆ, ಮಲಗಿದ ಬಟ್ಟೆಯಲ್ಲೇ, ಐವತ್ತಾರರ ಗಂಡಸು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಕೂತು ಟೀವಿಯ ಧ್ವನಿಯನ್ನು ಏರಿಸುತ್ತ ಹೋದ. ಏರಿಸಿದಷ್ಟೂ ಅಲ್ಲಿ ಏನೂ ಇಲ್ಲವೆಂಬುದು ಸ್ಪಷ್ಟವಾಗುತ್ತಿತ್ತು.

ಹಾಬಾ ಹೇಳಿದ್ದು ನಿಜ ಹಾಗಾದರೆ. ಶುಕ್ರವಾರ ಸಂಜೆ ಕಚೇರಿಯವರು ಮಸಾಫುಮಿಯನ್ನು ಬೀಳ್ಕೊಟ್ಟಿದ್ದರು. ಬೀಳ್ಕೊಡುಗೆ ಎಂಬುದು ದೊಡ್ಡ ಮಾತಾಯಿತು. ವಯಸ್ಸಾದವರನ್ನು ಕುರ್ಚಿಯಿಂದ ಎಬ್ಬಿಸಿ ಊರಾಚೆಯ ಗೋದಾಮಿಗೆ ದಾಟಿಸುವ ಮೊದಲು ನಾಲ್ಕು ಲೋಟ ಬಿಯರು ಕುಡಿಸಿ ಚಪ್ಪಾಳೆ ತಟ್ಟುವುದು ಆ ಕಂಪನಿಯ ಮರ್ಯಾದೆ. ಅವನೂ ಮರ್ಯಾದೆಯಾಗಿ ಎದ್ದು ನಿಂತು ನಾಲ್ಕು ಮಾತಾಡಿದ. ಚಿಕ್ಕಂದಿನಲ್ಲಿ ನೋಡಿದ 'ನಕ್ಷತ್ರನೌಕೆ ಅಸಾನಾಗಿ'ಯ ಕೊನೆಯ ಕಂತಿನಲ್ಲಿ, ಹುಡುಗರನ್ನೆಲ್ಲ ದೋಣಿಗೆ ಹತ್ತಿಸಿ ತಾನೊಬ್ಬನೇ ಹಡಗಿನಲ್ಲಿ ಉಳಿಯುವ ಕಪ್ತಾನ ಒಂದು ಮಾತು ಹೇಳುತ್ತಾನೆ, ಜೀವನವಿಡೀ ನನ್ನನ್ನು ನಡೆಸಿದ್ದು ಆ ಮಾತೇ ಎಂದ. 'ಕಾಯ್ಬೇಡ. ಕಾಯೋರಿದ್ರೆ ಹೋಗೋನಿಗೆ ಭಾರ.' ಅಷ್ಟರಲ್ಲಿ ಮೇಜಿನ ಆ ತುದಿಯಿಂದ, ಕೈಯಲ್ಲಿ ಕೋಳಿಮಾಂಸದ ಕಡ್ಡಿ ಹಿಡಿದ ಹಾಬಾ ತಲೆ ಎತ್ತಿದ. ಮೂವತ್ತರ ಹುಡುಗ, ಹಳೆಯ ವ್ಯೋಮಸಾಹಸಗಳೆಂದರೆ ಪ್ರಾಣ ಬಿಡುವವನು.

"ಇನೊಮಾತಾ ಸಾನ್, ತಪ್ಪು ತಿಳ್ಕೋಬೇಡಿ. ಆ ಮಾತು ಅದರಲ್ಲಿಲ್ಲ," ಎಂದ, ಮಸಾಫುಮಿಯನ್ನು ಮನೆತನದ ಹೆಸರಿನಿಂದ ಗೌರವವಾಗಿ ಕರೆದು.

"ಇಲ್ಲ ಅಂದ್ರೆ?"

"ಕೊನೇಲಿ ಕಪ್ತಾನ್ ತುಟಿ ಪಿಟಕ್ ಅನ್ನಲ್ಲ. ಅದಕ್ಕೇ ಅಲ್ವಾ ಆ ಕಂತು ಅಷ್ಟು ಹೆಸರಾಗಿರೋದು."

"ನೀನು ಹುಟ್ಟೋಕೆ ಮುಂಚೇನೇ ನಾನು ಅದನ್ನ ಬಾಯಿಪಾಠ ಮಾಡಿದೋನಪ್ಪ."

"ಹಂಗಾದ್ರೆ ನೀವು ಹತ್ತಿದ್ದು ಬೇರೆ ಯಾವುದೋ ಹಡಗಿರ್ಬೇಕು ಬಿಡಿ."

ಎಲ್ಲರೂ ನಕ್ಕರು. ಕುಡಿತದ ಹೊತ್ತಿನಲ್ಲಿ ಕಿರಿಯರಿಗೆ ಅಷ್ಟು ಸಲಿಗೆ ಇದ್ದದ್ದೇ. ಮಸಾಫುಮಿಯೂ ನಕ್ಕ, ಇಂಗು ತಿಂದ ಮಂಗನ ಹಾಗೆ. ಹೊರಡುವಾಗ ಹಾಬಾ ಪಾಪಪ್ರಜ್ಞೆಯಿಂದಲೋ ಗೆದ್ದ ಹುಮ್ಮಸ್ಸಿನಿಂದಲೋ ತನ್ನ ಚೀಲದಿಂದ ಡಿಸ್ಕುಗಳ ಪೆಟ್ಟಿಗೆ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಹೊಸದಾಗಿ ತೊಳೆದು ಸ್ವಚ್ಛ ಮಾಡಿದ ಚಿತ್ರ, ಸದ್ದು ಕನ್ನಡಿಯ ಹಾಗಿದೆ, ನಿಧಾನಕ್ಕೆ ನೋಡಿ ಎಂದ. ಬೀಳ್ಕೊಡುಗೆಗೆ ತಂದ ಹೂಗುಚ್ಛವನ್ನು ಮಸಾಫುಮಿ ರೈಲಿನಲ್ಲಿ ಮರೆತುಬಂದ. ಪೆಟ್ಟಿಗೆಯನ್ನು ಮಾತ್ರ ಎದೆಗವಚಿ ತಂದಿದ್ದ.

ನಿನ್ನೆಯಿಡೀ ಮೊದಲ ಕಂತಿನಿಂದ ನೋಡಿದ್ದ. ಎಷ್ಟು ಬಡ ಚಿತ್ರ ಅದು! ಒಂದೇ ಸ್ಫೋಟವನ್ನು ಮೂರು ಯುದ್ಧಗಳಲ್ಲಿ ತೋರಿಸಿದ್ದರು. ಹಡಗು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಹಿಂದಿದ್ದ ಗ್ರಹ ಒಂದೇ. ಆದರೆ ಅವನನ್ನು ಕಾಡಿದ್ದು ಅದಲ್ಲ. ಪ್ರತಿ ಕಂತಿನಲ್ಲೂ ಏನೋ ಕಡಿಮೆಯಾಗಿತ್ತು. ಮಂಜುಗಡ್ಡೆಯ ಗ್ರಹದಲ್ಲಿ ಹುಡುಗರು ದಾರಿ ತಪ್ಪುವಾಗ ದೂರದಲ್ಲಿ ಒಂದು ನಾಯಿ ಬೊಗಳಬೇಕಿತ್ತು. ಬೊಗಳಲಿಲ್ಲ. ಶತ್ರುಗಳ ರಾಣಿ ಸಾಯುವಾಗ ಯಾರೋ ಸೀನಬೇಕಿತ್ತು. ಆ ಸೀನು ತನ್ನ ತಾಯಿಯದೆಂದು ಸಾಯಂಕಾಲದ ಹೊತ್ತಿಗೆ ಹೊಳೆದು ಅವನು ಒಬ್ಬನೇ ನಕ್ಕಿದ್ದ. ಆಗ ಮನೆಯಲ್ಲಿ ಚಿತ್ರ ಹಿಡಿದಿಡುವ ಯಂತ್ರ ಎಲ್ಲಿತ್ತು? ಮಕ್ಕಳ ಕೈಗೆ ಸಿಗುತ್ತಿದ್ದದ್ದು ಸದ್ದು ಮಾತ್ರ. ಟೇಪ್ ರೆಕಾರ್ಡರನ್ನು ದಿಂಬಿನ ಮೇಲಿಟ್ಟು, ಮೈಕನ್ನು ಟೀವಿಯ ಬಾಯಿಗೆ ಒಡ್ಡಿ, ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂರಬೇಕು. ಆ ಅರ್ಧ ಗಂಟೆ ಮನೆಯಲ್ಲಿ ನಲ್ಲಿ ತಿರುಗಿಸುವಂತಿಲ್ಲ, ಎಣ್ಣೆ ಕಾಯಿಸುವಂತಿಲ್ಲ, ಮಾತಂತೂ ಮಹಾಪಾಪ. ಹತ್ತು ವರ್ಷದ ಮಸಾಫುಮಿ ಆ ಎರಡು ಕೋಣೆಗಳ ಚಕ್ರವರ್ತಿಯಾಗಿದ್ದ. ಸೀನಿದ ದಿನ ತಾಯಿಯ ಜೊತೆ ಊಟ ಮುಗಿಯುವವರೆಗೂ ಮಾತಾಡಿರಲಿಲ್ಲ. ತಾಯಿ ಮಿತ್ಸುಯೋ ಕೈಮುಗಿದು ಕ್ಷಮೆ ಕೇಳಿದ್ದಳು, ಅರ್ಧ ತಮಾಷೆಗೆ, ಅರ್ಧ ನಿಜವಾಗಿ.

ಹಾಗೆ ಹಿಡಿದ ಟೇಪನ್ನು ಕಣ್ಣುಮುಚ್ಚಿ ಕೇಳುವುದು. ಕೊನೆಯ ಕಂತಿನ ಟೇಪನ್ನಂತೂ ಎಷ್ಟು ಸಲ ಕೇಳಿದನೋ. ಆಮೇಲೆ ಹೈಸ್ಕೂಲು ಸೇರುವ ಹೊತ್ತಿಗೆ ಅದರ ಮೇಲೇ ಯಾವುದೋ ಹಾಡುಗಳನ್ನು ತುಂಬಿಸಿಕೊಂಡ. ಅಷ್ಟು ಹೊತ್ತಿಗೆ ಮಾತು ಒಳಗಿಳಿದಿತ್ತು, ಟೇಪಿನ ಹಂಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮಿಯೆ ಮಳೆಯಲ್ಲಿ ಕೊಡೆ ಹಿಡಿದು ಸ್ಟೇಷನ್ನಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಚಪ್ಪಲಿ ಒದ್ದೆಯಾಗಿತ್ತು, ಮುಖ ಹೊಳೆಯುತ್ತಿತ್ತು. ಕಾಯ್ಬೇಡ ಅಂದಿಲ್ವಾ ಎಂದು ಅವನು ಗದರಿದ. ಅವಳು ಇನ್ನೆಂದೂ ಕಾಯಲಿಲ್ಲ. ಮಗಳು ನರ್ಸ್ ಕೆಲಸಕ್ಕೆಂದು ಉತ್ತರದ ಊರಿಗೆ ಹೊರಟ ದಿನ ಅವನು ಪ್ಲಾಟ್‌ಫಾರ್ಮಿಗೂ ಹೋಗಲಿಲ್ಲ. ಮನೆಯ ಹೊಸ್ತಿಲಲ್ಲೇ ಆ ಮಾತು ಹೇಳಿ ಒಳಗೆ ಬಂದು ಪೇಪರು ಓದಿದ. ಈಗ ಮಗಳು ಹೊಸ ವರ್ಷಕ್ಕೆ ಬರುತ್ತೇನೆಂದೂ ಹೇಳುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ. ಅದನ್ನು ಅವನು ತನ್ನ ಸಾಕಣೆಯ ಫಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಕಪ್ತಾನನ ಮನೆತನ ನಮ್ಮದು, ಯಾರೂ ಯಾರಿಗೂ ಭಾರವಲ್ಲ ಎಂದು.

ಅಷ್ಟರಲ್ಲಿ ಹೊರಗಿನ ಬಾಗಿಲು ಮುಚ್ಚಿಕೊಂಡಿತು. ಸುಮಿಯೆ ಈರುಳ್ಳಿದಂಟು, ತೋಫು ತರಲು ಹೋದವಳು ಹಿಂದಿರುಗಿದ್ದಳು. ಸಾಲು ಸಾಲು ಸರ್ಕಾರಿ ವಸತಿಗಳಿಗೆಲ್ಲ ಒಂದೇ ಅಚ್ಚಿನ ಉಕ್ಕಿನ ಬಾಗಿಲುಗಳು. ಎಷ್ಟು ಮೆಲ್ಲಗೆ ಎಳೆದರೂ ಕೊನೆಯಲ್ಲಿ ಒಂದು ಧಡ್, ಅದರ ಹಿಂದೆಯೇ ಬೀಗದ ನಾಲಗೆಯ ಕಟ್. ಮಸಾಫುಮಿ ಹುಟ್ಟಿ ಬೆಳೆದದ್ದು ಇಂಥದೇ ಬಾಗಿಲ ಹಿಂದೆ, ಈಗ ಇರುವುದೂ ಇಂಥದೇ ಬಾಗಿಲ ಹಿಂದೆ. ದಿನಕ್ಕೆ ಹತ್ತು ಸಲ ಕಿವಿಗೆ ಬಿದ್ದರೂ ಕೇಳಿಸದ ಸದ್ದು ಅದು. ಇವತ್ತು ಕೇಳಿಸಿತು. ಧಡ್, ಕಟ್. ಅದು ಅಸಾನಾಗಿ ನೌಕೆಯ ಬಾಗಿಲು. ಕಪ್ತಾನನ ಮಾತಾದ ಮೇಲೆ ಟೇಪಿನಲ್ಲಿ ಬರುತ್ತಿದ್ದ ಸದ್ದು. ಅವನ ಕೈಯಲ್ಲಿದ್ದ ರಿಮೋಟು ಚಾಪೆಯ ಮೇಲೆ ಬಿತ್ತು. ಆ ಮಾತಿನ ಧಾಟಿಯೂ ಈಗ ಬೇರೆಯಾಗಿಯೇ ಕೇಳಿಸತೊಡಗಿತು. ನಿನ್ನೆಯಿಡೀ ಕೇಳಿದ್ದ ಕಪ್ತಾನನ ಮಾತು ಇಸ್ತ್ರಿ ಮಾಡಿದ ಕೋಟಿನಂತೆ ಗರಿಗರಿಯಾಗಿತ್ತು. 'ಕಾಯೋರಿದ್ರೆ ಹೋಗೋನಿಗೆ ಭಾರ' ಎನ್ನುವ ನಾಲಗೆ ಎರಕದ ಕುಲುಮೆಗಳ ಬೀದಿಯದು. ದಿನವಿಡೀ ಬೆಂಕಿಯ ಮುಂದೆ ನಿಂತು ಗಂಟಲು ಒಣಗಿದವರದು. ಅವನ ಅಪ್ಪನದು.

ನಾಲ್ಕೂವರೆ ದಶಕ ಮುಚ್ಚಿಟ್ಟಿದ್ದ ಸಂಜೆ ಅದಾಗಿ ಅದೇ ತೆರೆದುಕೊಂಡಿತು. ಮುಚ್ಚಿಟ್ಟಿದ್ದ ಎಂದರೆ ಸುಳ್ಳು. ಅದನ್ನು ಪ್ರತಿದಿನ ನೋಡುತ್ತಲೇ ಇದ್ದ, ಕಪ್ಪು ಕೋಟು ತೊಡಿಸಿ. ಅಪ್ಪ ಹೊರಟುಹೋದದ್ದು ಚಳಿ ಇನ್ನೂ ಬಿಡದಿದ್ದ ದಿನಗಳಲ್ಲಿ ಎಂದು ಗೊತ್ತು. ಕೊನೆಯ ಕಂತು ಬಂದದ್ದೂ ಆ ದಿನಗಳಲ್ಲೇ ಎಂದು ಗೊತ್ತು. ಈ ಎರಡೂ ಒಂದೇ ಸಂಜೆ ಎಂದು ಅವನು ಯಾವತ್ತೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಯಾಸುಹೆಇ, ಅವನಪ್ಪ, ರಾತ್ರಿಪಾಳಿಗೆ ಹೋಗುವವನು. ಚೀಲ ಹಿಡಿದು ಹೋಗುವುದು ದಿನದ ಸಂಗತಿ. ಮಧ್ಯದಲ್ಲಿ ಬರೀ ಒಂದು ಕಾಗದದ ಜಾರುಬಾಗಿಲು. ಈಚೆ ಮಗ ಮೈಕು ಹಿಡಿದು ಕೂತಿದ್ದ. ಆಚೆ ಗಂಡ ಹೆಂಡತಿ ತಮ್ಮ ಬದುಕಿನ ಅತಿ ದೊಡ್ಡ ಜಗಳವನ್ನು ಪಿಸುಮಾತಿನಲ್ಲಿ ಆಡುತ್ತಿದ್ದರು. ಏಕೆಂದರೆ ಹುಡುಗ ರೆಕಾರ್ಡ್ ಮಾಡುತ್ತಿದ್ದ. ಏಕೆಂದರೆ ಆ ಅರ್ಧ ಗಂಟೆ ಮಾತು ಮಹಾಪಾಪ. ಪಿಟೀಲುಗಳು ಸೋತ ಹೊತ್ತಿನಲ್ಲಿ ಒಂದು ವಾಕ್ಯ ಸ್ವಲ್ಪ ಗಟ್ಟಿಯಾಗಿ ಕಾಗದದ ಬಾಗಿಲು ದಾಟಿ ಬಂತು. ಬೆನ್ನು ಹಾಕಿ ನಿಂತ ಕಪ್ತಾನನಿಗೆ ಅದು ಸರಿಯಾಗಿ ಹೊಂದಿತು.

ಇನ್ನೊಂದು ನೆನಪೂ ಬಂತು. ಅದನ್ನು ತಡೆಯಲು ಅವನು ಎದ್ದು ನಿಂತ, ನಿಂತರೆ ನೆನಪು ನಿಲ್ಲುತ್ತದೆಂಬಂತೆ. ಅಪ್ಪನಿಲ್ಲದ ಮನೆಯಲ್ಲಿ ತಾಯಿ ದಿನಾ ಸಂಜೆ ಒಂದು ಎಡೆ ಹೆಚ್ಚಿಗೆ ಹಾಕುತ್ತಿದ್ದಳು. ದೂರ ಹೋದವರು ಹಸಿಯದಿರಲೆಂದು ಇಡುವ ಎಡೆ. ಅನ್ನ, ಸಾರು, ಒಂದು ತುಂಡು ಮೀನು, ಕಡ್ಡಿಗಳು. ಊಟ ಮುಗಿದ ಮೇಲೆ ಸಾರಿನ ಬಟ್ಟಲ ಮುಚ್ಚಳ ತೆಗೆದು ಒಳಮೈ ನೋಡುವಳು. ಹನಿ ಕಟ್ಟಿದ್ದರೆ ಹೋದವನು ಚೆನ್ನಾಗಿದ್ದಾನೆಂದು ಲೆಕ್ಕ. ಬಿಸಿ ಸಾರಿಗೆ ಮುಚ್ಚಳ ಮುಚ್ಚಿದರೆ ಹನಿ ಕಟ್ಟದೆ ಇರುತ್ತದೆಯೇ? ಆದರೂ ನೋಡುವಳು, ಒಂದು ಉಸಿರು ಬಿಡುವಳು. ಅದೇ ಹೊತ್ತಿನಲ್ಲಿ ಮಸಾಫುಮಿ ಟೇಪು ಹಾಕುತ್ತಿದ್ದ. ಕೇಳಬೇಕಾದವರು ಕೇಳಲೆಂದಲ್ಲ, ತನ್ನ ಸುಖಕ್ಕೆ. ದಿನಾ ಸಂಜೆ, ಒಲೆಯ ಕಡೆ ಮುಖ ಮಾಡಿ ನಿಂತ ಅವಳ ಬೆನ್ನಿಗೆ, ಅವಳ ಗಂಡನ ದನಿಯಲ್ಲಿ, ಕಾಯ್ಬೇಡ. ಒಂದು ಸಂಜೆ ಅವಳು ಮುಚ್ಚಳದ ಹನಿ ನೋಡುತ್ತಿದ್ದಾಗ ಅವನಿಗೆ ಕನಿಕರ ಬಂತು, ಗಂಡುತನ ಬಂತು. ತಾನೇ ಎದ್ದು ಬೆನ್ನು ನೆಟ್ಟಗೆ ಮಾಡಿ ಹೇಳಿದ: "ಕಾಯ್ಬೇಡಮ್ಮ. ಕಾಯೋರಿದ್ರೆ ಹೋಗೋನಿಗೆ ಭಾರ." ತಾಯಿ ಮುಚ್ಚಳ ಕೈಯಲ್ಲಿ ಹಿಡಿದೇ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮರುದಿನದಿಂದ ಎಡೆ ನಿಂತಿತು. ತಾಯಿಗೆ ಧೈರ್ಯ ಕೊಟ್ಟೆನೆಂದು ಅವನು ಇಷ್ಟು ವರ್ಷ ನಂಬಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನು ಆಡಿದ ಮಾತು ಎಲ್ಲಿಗೂ ಹೋಗದೆ ಅವಳಲ್ಲೇ ಉಳಿದಿತ್ತು.

"ಏನ್ರೀ ಇದು, ಟೀವಿ ಮುಂದೆ ನಮಸ್ಕಾರ ಹಾಕ್ತಿದ್ರಾ?" ಸುಮಿಯೆ ಕೈಚೀಲ ಇಳಿಸುತ್ತ ಕೇಳಿದಳು.

"ಅಮ್ಮನ್ನ ನೋಡ್ಕೊಂಡು ಬರ್ತೀನಿ."

"ಹೋದ ವಾರ ತಾನೆ ಹೋಗಿದ್ರಲ್ಲ. ಊಟ?"

"ಬಂದು ಮಾಡ್ತೀನಿ."

"ಸರಿ. ನಾನಂತೂ ಕಾಯಲ್ಲ, ತಿಂದ್ಬಿಡ್ತೀನಿ."

ಅವಳು ಅದನ್ನು ಉಪ್ಪು ಎಲ್ಲಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಮಸಾಫುಮಿ ಕೋಟಿನ ತೋಳಿನಲ್ಲಿ ಕೈ ಸಿಕ್ಕಿಸಿಕೊಂಡೇ ಅವಳತ್ತ ತಿರುಗಿದ. 'ಕಾಯ್ತಿರು' ಎಂದುಬಿಡಬೇಕೆನಿಸಿತು. ಇಷ್ಟು ವರ್ಷದ ಮೇಲೆ ಯಾವ ಮುಖದಿಂದ? ಅವಳು ಆಗಲೇ ತೋಫುವನ್ನು ನೀರಿಗೆ ಬಿಡುತ್ತಿದ್ದಳು.

ಬಸ್ಸು ಹಳೆಯ ಎರಕದ ಬೀದಿಯಲ್ಲೇ ಹೋಗುತ್ತದೆ. ಕುಲುಮೆಗಳಿದ್ದ ಜಾಗದಲ್ಲಿ ಈಗ ಎತ್ತರದ ಮನೆಗಳು, ಕೆಳಗೆ ಔಷಧಿ ಅಂಗಡಿಗಳು. ಅಪ್ಪನ ಮೈಯಿಂದ ಸುಟ್ಟ ಮರಳಿನ ವಾಸನೆ ಬರುತ್ತಿತ್ತು, ಎಷ್ಟು ಉಜ್ಜಿ ತೊಳೆದರೂ. ಆ ವಾಸನೆ ಹೋದದ್ದು ಯಾವಾಗ? ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ ದಿನವೋ, ಅದಕ್ಕೂ ಆಮೇಲೋ. ಉತ್ತರದ ಕಡೆ ಯಾರೋ ಹೆಂಗಸಂತೆ ಎಂದು ಮೆಟ್ಟಿಲ ಬಳಿ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ತಾನು ಹಾದುಹೋದರೆ ಗಪ್‌ಚುಪ್. ಅಪ್ಪ ನನಗೆ ಹೇಳಿಯೇ ಹೋದ ಎಂದು ಶಾಲೆಯಲ್ಲಿ ಕೊಚ್ಚಿಕೊಂಡಿದ್ದ, ಯಾರೂ ನಂಬಿರಲಿಲ್ಲ. ಅದು ನಿಜವೇ ಆಗಿತ್ತು, ಅಪ್ಪ ಹೇಳಿಯೇ ಹೋಗಿದ್ದ. ಅಪ್ಪನ ದನಿಯನ್ನು ಕೈಯಾರೆ ಹಿಡಿದಿಟ್ಟವನು ತಾನೇ. ಅದರ ಮೇಲೆ ಹಾಡು ತುಂಬಿಸಿದವನೂ ತಾನೇ. ಬಸ್ಸಿನಲ್ಲಿ ಎದುರು ಕೂತ ಮುದುಕಿಯೊಬ್ಬಳು ಅವನ ಮುಖ ನೋಡಿ ಕಣ್ಣು ತಿರುಗಿಸಿಕೊಂಡಳು. ತಾನು ಅಳುತ್ತಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು. ಕರವಸ್ತ್ರ ತಂದಿರಲಿಲ್ಲ.

ವೃದ್ಧರ ನಿವಾಸದ ಹಜಾರದ ಟೀವಿಯಲ್ಲಿ ಭಾನುವಾರದ ಹಾಡಿನ ಸ್ಪರ್ಧೆ ಗಟ್ಟಿಯಾಗಿ ನಡೆಯುತ್ತಿತ್ತು. ಯಾರೋ ಮೀನುಗಾರ ಶ್ರುತಿ ಬಿಟ್ಟು ಹಾಡುತ್ತಿದ್ದ, ಗಾಲಿಕುರ್ಚಿಗಳ ಸಾಲು ಚಪ್ಪಾಳೆ ತಟ್ಟುತ್ತಿತ್ತು. ಮಿತ್ಸುಯೋ ತನ್ನ ಕೋಣೆಯಲ್ಲಿ ಹಾಸಿಗೆಯ ಅಂಚಿಗೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಎಂಬತ್ತೆರಡಾದರೂ ಬುದ್ಧಿ ಚುರುಕು, ಸೊಂಟದಿಂದ ಕೆಳಗೆ ಮಾತ್ರ ಹೇಳಿದ ಮಾತು ಕೇಳುವುದಿಲ್ಲ ಎಂದು ಅವಳೇ ಹೇಳುವುದು.

"ಏನೋ ಮಸಾ, ಇವತ್ತು? ಕೆಲಸದಿಂದ ತೆಗೆದ್ರಾ?"

"ಇಲ್ಲಮ್ಮ. ಸುಮ್ನೆ ಬಂದೆ."

"ಸುಮ್ನೆ ಬರೋ ಜಾತಿನಾ ನೀನು? ತಗೋ, ಹುಳಿ ಇದೆ."

ಅವನು ತೊಳೆಯನ್ನು ಬಾಯಿಗಿಟ್ಟುಕೊಂಡ. ಹೇಳುವುದು ಬೇಡ ಎನಿಸಿತು. ಹೇಳಿದರೆ ತನ್ನ ಎದೆ ಹಗುರಾಗುವುದೇ ಹೊರತು ಇವಳಿಗೇನು ಬಂತು? ಹಾಗೆಂದುಕೊಳ್ಳುತ್ತಲೇ ಮಾತು ಬಾಯಿಂದ ಹೊರಬಿದ್ದಿತ್ತು.

"ಅಮ್ಮ, ಅಸಾನಾಗಿ ನೆನಪಿದೆಯಾ? ನಾನು ಟೇಪಲ್ಲಿ ಹಿಡೀತಿದ್ನಲ್ಲ."

"ಮರೆಯೋದುಂಟಾ? ಸೀನಿದ್ದಕ್ಕೆ ಮಾತು ಬಿಟ್ಟಿದ್ದೆ, ದೊಡ್ಡ ಮನುಷ್ಯ."

"ಅದನ್ನ ಮತ್ತೆ ನೋಡಿದೆ. ಕೊನೆಯ ಕಂತಲ್ಲಿ ಕಪ್ತಾನ ಏನೂ ಹೇಳಲ್ಲಮ್ಮ. ಆ ಮಾತು... ಕಾಯ್ಬೇಡ ಅನ್ನೋದು. ನಾನು ಅದು ಕಪ್ತಾನಂದು ಅಂದ್ಕೊಂಡಿದ್ದೆ. ದೇವರಾಣೆಗೂ ಅಂದ್ಕೊಂಡಿದ್ದೆ."

ಮಿತ್ಸುಯೋ ಸುಲಿಯುವುದನ್ನು ನಿಲ್ಲಿಸಿದಳು. ಹಜಾರದಲ್ಲಿ ಗಂಟೆ ಬಾರಿಸಿತು, ಮೀನುಗಾರ ಸೋತಿದ್ದ.

"ನಿಂಗೆ ಗೊತ್ತಿದೆ ಅಂತ ತಿಳ್ಕೊಂಡಿದ್ದೆ ನಾನು," ಎಂದಳು. "ಬೇಕೂಂತಲೇ ಹಾಕ್ತಿದ್ದಾನೆ ಅಂತ. ಅಪ್ಪ ಹೋಗೋಕೆ ನಾನೇ ಕಾರಣ ಅಂತ ಸಿಟ್ಟು ನಿಂಗೆ, ಅದಕ್ಕೇ ದಿನಾ ಸಂಜೆ ಕೇಳಿಸ್ತಿದ್ದಾನೆ ಅಂತ. ಮಗು ಅದು, ಅದಕ್ಕೂ ಸಂಕಟ ಇರುತ್ತೆ, ತೀರಿಸ್ಕೊಳ್ಳಲಿ ಬಿಡು ಅಂತ ಸುಮ್ನಿದ್ದೆ. ಆಮೇಲೆ ಒಂದಿನ ನೀನೇ ಎದ್ದು ನಿಂತು ಹೇಳಿದೆ ನೋಡು, ಅವನ ಹಾಗೇನೇ ನಿಂತ್ಕೊಂಡು. ಆಯ್ತಪ್ಪ, ಇವನೂ ಅವನ ಕಡೆ ಅಂದ್ಕೊಂಡೆ."

"ಬೈಬಹುದಿತ್ತಲ್ಲಮ್ಮ. ಒಂದು ಸಲ ಕೇಳಬಹುದಿತ್ತಲ್ಲ."

"ಕೇಳಿ ನೀನು ಹೌದು ಅಂದಿದ್ರೆ?"

ಅವನ ಬಾಯಲ್ಲಿ ಕಿತ್ತಳೆಯ ಬೀಜ ನಾಲಗೆಯ ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ಉಗುಳಲು ಕೂಡ ಅಪ್ಪಣೆ ಬೇಕೆನ್ನುವಂತೆ ಹಾಗೇ ಕೂತ. ಆಮೇಲೆ, ಯಾವುದೋ ಮೂಲೆಯಲ್ಲಿ ತಪ್ಪು ತನ್ನೊಬ್ಬನದಲ್ಲ ಎಂದು ಹೇಳಿಸಿಕೊಳ್ಳುವ ಆಸೆಯಿಂದ, ಆ ಆಸೆಗೆ ನಾಚುತ್ತಲೇ, ಕೇಳಿದ:

"ಅವತ್ತು ಅಪ್ಪ ಹೋಗೋವಾಗ ನೀನು ಕೂಗಲೇ ಇಲ್ವಲ್ಲಮ್ಮ. ಯಾಕೆ ಕೂಗಲಿಲ್ಲ?"

"ನೀನು ರೆಕಾರ್ಡ್ ಮಾಡ್ತಿದ್ಯಲ್ಲೋ," ಎಂದಳು ತಾಯಿ.

ಆಪಾದನೆ ಇರಲಿಲ್ಲ ಆ ದನಿಯಲ್ಲಿ. ಮಳೆ ಬರ್ತಿತ್ತಲ್ಲ ಎನ್ನುವ ಹಾಗೆ ಹೇಳಿದಳು.

"ನಾನು ಕರೆದ್ರೆ ನಿಲ್ಲೋನಲ್ಲ ಅವನು. ನೀನು ಕರೆದ್ರೆ ನಿಲ್ತಿದ್ದ, ನಿನ್ನ ಮಾತು ತೆಗೆದುಹಾಕ್ತಿರಲಿಲ್ಲ. ಅಪ್ಪಾ ಅಂತ ಒಂದು ಸಲ ಕೂಗು ಅಂತ ಹೇಳೋಣ ಅಂತ ಮಧ್ಯದ ಬಾಗಿಲು ಸರಿಸಿದೆ. ಅವನು ಇನ್ನೂ ಬೂಟಿನ ದಾರ ಕಟ್ತಾ ಕೂತಿದ್ದ. ನೀನು ತಿರುಗಿ ಕೂಡ ನೋಡಲಿಲ್ಲ. ಹೀಗೆ ಮಾಡಿದೆ."

ಅವಳು ಕಿತ್ತಳೆಯ ರಸ ಅಂಟಿದ ಬೆರಳನ್ನು ಎತ್ತಿ ತುಟಿಯ ಮೇಲೆ ಅಡ್ಡ ಇಟ್ಟುಕೊಂಡಳು. ನಕ್ಕಳು ಕೂಡ, ಮಗುವಿನ ಹಳೆಯ ತುಂಟಾಟ ನೆನೆದು ನಗುವ ಹಾಗೆ. ಮಸಾಫುಮಿಗೆ ಆ ಬೆರಳು ನೆನಪಿತ್ತು. ಬಾಗಿಲು ಜಾರಿದ ಸರಕ್ ಎಂಬ ಸದ್ದು ಟೇಪಿನಲ್ಲಿ ಸೇರಿಬಿಟ್ಟಿತಲ್ಲ ಎಂದು ಹಲ್ಲು ಕಚ್ಚಿದ್ದು ನೆನಪಿತ್ತು. ಬೆನ್ನ ಹಿಂದೆ ತಾಯಿಯ ತೆರೆದ ಬಾಯಿ ಹಾಗೇ ಮುಚ್ಚಿಕೊಂಡದ್ದನ್ನು ಮಾತ್ರ ಅವನು ನೋಡಿರಲಿಲ್ಲ. ಬೂಟಿನ ದಾರ ಕಟ್ಟಲು ಎಷ್ಟು ಹೊತ್ತು ಬೇಕು? ಎರಡು ಬೂಟು. ಅಷ್ಟು ಹೊತ್ತೂ ಅಪ್ಪ ಬಾಗಿಲ ಬಳಿ ಕೂತಿದ್ದ, ಯಾರಾದರೂ ಕರೆಯಲೆಂದೇ ಕೂತಿದ್ದನೋ ಏನೋ. ಮನೆಯಲ್ಲಿ ಯಾರೂ ಸದ್ದು ಮಾಡಲಿಲ್ಲ.

ಹಜಾರದ ಟೀವಿಯನ್ನು ಯಾರೋ ಆರಿಸಿದರು. ಸಹಾಯಕಿಯೊಬ್ಬಳು ಬಂದು ಸ್ನಾನದ ಹೊತ್ತಾಯಿತೆಂದು ನಗುತ್ತ ತಲೆಬಾಗಿ ಹೋದಳು. ಮಿತ್ಸುಯೋ ಸಿಪ್ಪೆಗಳನ್ನೆಲ್ಲ ಕಾಗದದಲ್ಲಿ ಮಡಿಸಿ ಮಗನ ಕೈಗೆ ಕೊಟ್ಟಳು, ಹೊರಗೆ ಹಾಕಲು.

"ಸರಿ, ಹೊರಡು," ಎಂದಳು, ಪ್ರತಿ ಸಲ ಹೇಳುವ ಹಾಗೆಯೇ. "ಯಾವಾಗ ಬರ್ತೀನಿ ಅಂತೆಲ್ಲ ಹೇಳ್ಬೇಡ. ನಾನು ಕಾಯಲ್ಲ."

ಇದನ್ನು ಅವರಿಬ್ಬರ ನಡುವಿನ ಹಳೆಯ ತಮಾಷೆ ಎಂದುಕೊಂಡಿದ್ದ ಅವನು. ಹೇಳಿದಾಗಲೆಲ್ಲ ಕಪ್ತಾನನ ಹಾಗೆ ಹಣೆಗೆ ಕೈ ಮುಟ್ಟಿಸಿ ಸಲಾಮು ಹೊಡೆದು ಹೊರಡುತ್ತಿದ್ದ. ಇವತ್ತು ಬಾಗಿಲವರೆಗೆ ಹೋಗಿ ನಿಂತ. ಹೇಳಬೇಕಾದ್ದು ಒಂದೇ ಒಂದು ಪದ, ಸುಮಿಯೆಗೂ ಹೇಳದೆ ಬಂದಿದ್ದ ಅದೇ 'ಕಾಯ್ತಿರು'. ಅದು ಎದೆಯಿಂದ ಗಂಟಲಿಗೆ ಬಂತು, ಬಾಯಿಗೆ ಬಂತು. ತಾಯಿ ಆಗಲೇ ಟವೆಲ್ಲನ್ನು ಮಡಿಲಿಗೆ ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದಳು, ಹೋಗುವವನಿಗೆ ಭಾರವಾಗಬಾರದೆಂದು. ಸಿಪ್ಪೆಯ ಪೊಟ್ಟಣ ಹಿಡಿದು, ಅವಳಿಗೆ ಬೆನ್ನು ಹಾಕಿ, ಅವನು ಎರಡು ಬೂಟಿನ ದಾರ ಕಟ್ಟುವಷ್ಟು ಹೊತ್ತು ಅಲ್ಲೇ ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಆಮೇಲೆ ಹೊರಗೆ ಕಾಲಿಟ್ಟ. ಅಂಚಿಗೆಲ್ಲ ರಬ್ಬರು ಹಾಕಿದ ಬಾಗಿಲು ಅದು, ಮುಚ್ಚಿಕೊಂಡಾಗ ಯಾವ ಸದ್ದೂ ಆಗಲಿಲ್ಲ.